ಫಿಲ್ಟರ್ ಒತ್ತಿದರೆ ಫೋಟೋ ಪೇಂಟಿಂಗ್ ಆಗುತ್ತದೆಯೇ?

2025ರ ಮಾರ್ಚ್ ಕೊನೆಯ ವಾರ ನೆನಪಿರಬಹುದು. ಫ್ಯಾಮಿಲಿ ಗ್ರೂಪುಗಳ ಡಿಪಿಗಳೆಲ್ಲ ಒಮ್ಮೆಗೇ ದೊಡ್ಡ ಕಣ್ಣಿನ, ತಿಳಿಬಣ್ಣದ ಜಪಾನಿ ಕಾರ್ಟೂನುಗಳಾಗಿಬಿಟ್ಟವು. ಚಾಟ್‌ಜಿಪಿಟಿಗೆ ಚಿತ್ರ ಬರೆಯುವ ಹೊಸ, ಹೆಚ್ಚಿನ ಶಕ್ತಿ ಬಂದ ವಾರ ಅದು. ಜಿಬ್ಲಿ ಸ್ಟುಡಿಯೋ ಶೈಲಿಯ ಆ ಹುಚ್ಚು ಕೇಂದ್ರ ಸರ್ಕಾರದ ಮೈಗೌ ಖಾತೆಯನ್ನೂ ಬಿಡಲಿಲ್ಲ. ಸೆಪ್ಟೆಂಬರ್ ಹೊತ್ತಿಗೆ ಗೂಗಲ್‌ನ ಜೆಮಿನಿ ತನ್ನ ‘ನ್ಯಾನೋ ಬನಾನಾ’ ಎಂಬ ಚಿತ್ರ ರಚಿಸುವ ಸೌಲಭ್ಯದ ಮೂಲಕ ಊರಿನ ಹೆಣ್ಣುಮಕ್ಕಳಿಗೆಲ್ಲ ಹಳೇ ಸಿನಿಮಾ ಪೋಸ್ಟರಿನ ಶಿಫಾನ್ ಸೀರೆ ಉಡಿಸಿತು. ಗಾಳಿಗೆ ಹಾರುವ ಕೂದಲು, ಸಂಜೆಯ ಹೊಂಬಿಸಿಲು, ಕಿವಿಯ ಹಿಂದೊಂದು ಹೂವು.

ಇದನ್ನೂ, ಫೋಟೋಶಾಪಿನ ‘ಆಯಿಲ್ ಪೇಂಟ್’ ಫಿಲ್ಟರನ್ನೂ, ಫೋನಿನ ಎಡಿಟಿಂಗ್ ಆ್ಯಪಿನಲ್ಲಿರುವ ‘ವಾಟರ್‌ಕಲರ್’ ಬಟನ್ನನ್ನೂ ನಾವು ಒಂದೇ ಮಾತಿನಲ್ಲಿ ಮುಗಿಸುತ್ತೇವೆ: ‘ಫೋಟೋನ ಪೇಂಟಿಂಗ್ ಮಾಡಿದೆ’. ಆದರೆ ಒಳಗೆ ನಡೆಯುವ ಕೆಲಸ ಒಂದೇ ಅಲ್ಲ. ಹಳೇ ಕಾಲದ ಫಿಲ್ಟರ್ ನಿಮ್ಮ ಫೋಟೋದಲ್ಲಿ ಇದ್ದುದನ್ನು ಕಳೆಯುತ್ತದೆ. ಎಐ ಅದರಲ್ಲಿ ಇಲ್ಲದ್ದನ್ನು ತಂದು ಸೇರಿಸುತ್ತದೆ. ಚಿತ್ರಕಾರನೂ ಕಳೆಯುತ್ತಾನೆ, ಸೇರಿಸುತ್ತಾನೆ. ಆದರೆ ಯಾವುದನ್ನು ಎಂದು ಅವನು ತೀರ್ಮಾನಿಸಿರುತ್ತಾನೆ. ಈ ಮೂರರ ನಡುವಿನ ಅಂತರ ಗೊತ್ತಿದ್ದರೆ ಫಿಲ್ಟರನ್ನು ಎಲ್ಲಿ ನಂಬಬೇಕು, ಎಲ್ಲಿ ಕೈ ಹಚ್ಚಬೇಕು, ದುಡ್ಡು ಕೊಡುವಾಗ ಏನು ಕೇಳಬೇಕು ಅನ್ನುವುದೆಲ್ಲ ಹೆಚ್ಚು ಗೊಂದಲವಿಲ್ಲದೆ ಬಗೆಹರಿಯುತ್ತದೆ.

ಆಸೆಯಂತೂ ಹಳೆಯದು. ರಾಜಾ ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಶುರುಮಾಡಿದ ಮುದ್ರಣಾಲಯದಿಂದ ಹೊರಟ ಲಕ್ಷ್ಮಿ, ಸರಸ್ವತಿಯರು ಅಜ್ಜಿಮನೆಗಳ ದೇವರ ಗೂಡು ಸೇರಿದ್ದು ಕಲ್ಲಚ್ಚಿನ ಪ್ರತಿಗಳಾಗಿ. ಅಂಥ ಪ್ರತಿಗಳನ್ನು ಓಲಿಯೋಗ್ರಾಫ್ ಎನ್ನುತ್ತಿದ್ದರು. ಮೇಲೆ ವಾರ್ನಿಷ್ ಹಚ್ಚಿ, ಕೆಲವೊಮ್ಮೆ ಕ್ಯಾನ್ವಾಸಿನ ನೇಯ್ಗೆಯ ಅಚ್ಚನ್ನೂ ಒತ್ತಿ, ಕಾಗದವನ್ನು ತೈಲಚಿತ್ರದಂತೆ ತೋರಿಸುವುದು ಆ ವ್ಯಾಪಾರದ ಗುಟ್ಟಾಗಿತ್ತು. ಆಮೇಲಿನ ಸ್ಟುಡಿಯೋಗಳಲ್ಲಿ ಕಪ್ಪು ಬಿಳುಪು ಫೋಟೋಗೆ ಕೈಯಲ್ಲಿ ಬಣ್ಣ ತುಂಬುವವರಿದ್ದರು. ತುಟಿಗೆ ಕೆಂಪು, ಜರಿಗೆ ಹಳದಿ, ಕೆನ್ನೆಗೆ ಒಂದಿಷ್ಟು ಗುಲಾಬಿ. ಫೋಟೋದ ನಂಬಿಕೆಯೂ ಬೇಕು, ಚಿತ್ರದ ಘನತೆಯೂ ಬೇಕು ಅನ್ನುವ ಗಿರಾಕಿ ಆಗಲೂ ಇದ್ದ.

ಫೋಟೋದಿಂದ ಚಿತ್ರ ಮಾಡುವುದರ ನಿಜವಾದ ಅರ್ಥ ನೋಡಬೇಕೆಂದರೆ ಮೈಸೂರು ಅರಮನೆಯ ಕಲ್ಯಾಣ ಮಂಟಪಕ್ಕೆ ಹೋಗಬೇಕು. ಪ್ರವಾಸಿಗರು ಮೇಲಿನ ನವಿಲಿನ ಗಾಜಿನ ಚಾವಣಿ ನೋಡಿ ಕತ್ತು ನೋಯಿಸಿಕೊಂಡು ಮುಂದೆ ಹೋಗಿಬಿಡುತ್ತಾರೆ. ಸುತ್ತಲ ಗೋಡೆಯಲ್ಲಿ ದಸರಾ ಮೆರವಣಿಗೆಯ 26 ಚಿತ್ರಫಲಕಗಳಿವೆ. ಮೈಸೂರಿನ ಕಲಾವಿದರು ಫೋಟೋಗಳನ್ನು ಆಧಾರವಾಗಿಟ್ಟುಕೊಂಡು ಬರೆದವು ಅವು. ಆ ಕಾಲದ ಫೋಟೋ ಎಂದರೆ ಕಪ್ಪು ಬಿಳುಪು. ಸಾಲಿನಲ್ಲಿ ಯಾರು ಎಲ್ಲಿ ನಿಂತಿದ್ದರು, ಆನೆಯ ಹೆಜ್ಜೆ ಹೇಗಿತ್ತು ಎಂಬುದನ್ನು ಅದು ಹೇಳುತ್ತಿತ್ತು. ಪೇಟದ ಬಣ್ಣ, ಆನೆಯ ಮೇಲ್ಹೊದಿಕೆಯ ಕೆಂಪು, ಅಕ್ಟೋಬರ್ ಬಿಸಿಲಿನ ಹದ ಇವೆಲ್ಲ ಕಲಾವಿದನ ಕಣ್ಣಿನಿಂದಲೇ ಬರಬೇಕಿತ್ತು. ಹತ್ತಿರ ನಿಂತು ನೋಡಿದರೆ ಎದುರಿನ ಮುಖಗಳು ಇಂಥವರೇ ಎಂದು ಗುರುತಿಸುವಷ್ಟು ಸ್ಪಷ್ಟ, ಹಿಂದಿನ ಜನಸಂದಣಿ ಬರೀ ಬಣ್ಣದ ಚುಕ್ಕೆ. ಕ್ಯಾಮೆರಾ ಇಬ್ಬರನ್ನೂ ಒಂದೇ ನಿಷ್ಠೆಯಿಂದ ಹಿಡಿದಿರುತ್ತದೆ. ಯಾರಿಗೆ ಎಷ್ಟು ಕುಂಚ ಸಲ್ಲಬೇಕು ಅನ್ನುವುದು ಚಿತ್ರಕಾರನ ತೀರ್ಮಾನ. ಕಂಪ್ಯೂಟರ್ ಫಿಲ್ಟರ್ ಎಡವುವುದು ಸರಿಯಾಗಿ ಈ ಜಾಗದಲ್ಲೇ.

ಫೋಟೋಶಾಪಿನ ಮೊದಲ ಆವೃತ್ತಿ ಬಂದದ್ದು 1990ರ ಫೆಬ್ರುವರಿಯಲ್ಲಿ. ಅದರಲ್ಲಿ ಇಂದಿಗೂ ‘ಫಿಲ್ಟರ್ ಗ್ಯಾಲರಿ’ ಅನ್ನುವ ಮೆನುವಿನಲ್ಲಿ ಸಿಗುವ ವಾಟರ್‌ಕಲರ್, ಡ್ರೈ ಬ್ರಷ್, ಫ್ರೆಸ್ಕೋ, ಪ್ಯಾಲೆಟ್ ನೈಫ್ ಮುಂತಾದವು ಮೂಲದಲ್ಲಿ ಫೋಟೋಶಾಪ್ ತಯಾರಿಸುವ ಅಡೋಬಿಯ ಸ್ವಂತದವಲ್ಲ. ಆಲ್ಡಸ್ ಎಂಬ ಕಂಪನಿ ಮಾರುತ್ತಿದ್ದ ‘ಗ್ಯಾಲರಿ ಎಫೆಕ್ಟ್ಸ್’ ಅವು. 1994ರಲ್ಲಿ ಅಡೋಬಿ ಆಲ್ಡಸನ್ನು ಕೊಂಡುಕೊಂಡಿತು, 1996ರ ಫೋಟೋಶಾಪ್ 4ರಲ್ಲಿ ಆ ಫಿಲ್ಟರುಗಳು ಒಳಗೆ ಸೇರಿದವು. ಮೂವತ್ತು ವರ್ಷದ ಹಿಂದಿನ ಕಂಪ್ಯೂಟರಿಗೆ ಹೊಂದುವಂತೆ ಬರೆದ ಲೆಕ್ಕಗಳಾದ್ದರಿಂದ ಇಂದಿನ ದೊಡ್ಡ ಫೋಟೋದ ಮೇಲೆ ಹಾಕಿದಾಗ ಅವು ಸಪ್ಪೆ ಕಾಣುವುದರಲ್ಲಿ ಆಶ್ಚರ್ಯವಿಲ್ಲ.

ಇನ್ನು ತೈಲವರ್ಣದ ಲೆಕ್ಕ. ಇದರ ಹಿಂದಿರುವ ಅತಿ ಪ್ರಸಿದ್ಧ ಸೂತ್ರ ಹುಟ್ಟಿದ್ದು ಕಲೆಗಾಗಿ ಅಲ್ಲವೇ ಅಲ್ಲ. ಜಪಾನಿನ ಮಿಚಿಯೋಶಿ ಕುವಹಾರ ಮತ್ತು ಸಂಗಡಿಗರು 1976ರಲ್ಲಿ ಅದನ್ನು ಮಂಡಿಸಿದ್ದು ಹೃದಯದ ವೈದ್ಯಕೀಯ ಚಿತ್ರಗಳಲ್ಲಿನ ಕಾಳುಕಾಳು ಗದ್ದಲವನ್ನು (ನಾಯ್ಸ್) ತೆಗೆಯುವುದಕ್ಕೆ. ಮಾಮೂಲಿ ಬ್ಲರ್ ಹಾಕಿದರೆ ಗದ್ದಲದ ಜೊತೆಗೆ ಹೃದಯದ ಅಂಚೂ ಅಳಿಸಿಹೋಗುತ್ತದೆ. ಅಂಚು ಉಳಿಯಬೇಕು, ಒಳಭಾಗ ನುಣುಪಾಗಬೇಕು. ಅದಕ್ಕೆ ಅವರು ಕಂಡುಕೊಂಡ ಉಪಾಯ ಹೀಗೆ: ಒಂದು ಪಿಕ್ಸೆಲ್ಲಿನ (ಡಿಜಿಟಲ್ ಚಿತ್ರದ ಅತಿ ಚಿಕ್ಕ ಬಣ್ಣದ ಚುಕ್ಕೆ) ಸುತ್ತ ನಾಲ್ಕು ಚೌಕಗಳನ್ನು ಹಿಡಿ. ಪ್ರತಿ ಚೌಕದೊಳಗಿನ ಬಣ್ಣಗಳು ಎಷ್ಟು ಏರುಪೇರಾಗಿವೆ ನೋಡು. ಯಾವ ಚೌಕ ಎಲ್ಲಕ್ಕಿಂತ ಸಮವಾಗಿದೆಯೋ ಅದರ ಸರಾಸರಿಯನ್ನು ಈ ಪಿಕ್ಸೆಲ್ಲಿಗೆ ಕೊಡು. ಬೆಟ್ಟದ ಅಂಚಿಗೆ ತಾಗಿದ ಆಕಾಶದ ಒಂದು ಪಿಕ್ಸೆಲ್ ತೆಗೆದುಕೊಂಡರೆ, ಅದರ ಮೇಲಿನ ಚೌಕ ಪೂರ್ತಿ ಆಕಾಶ, ಕೆಳಗಿನದು ಅರ್ಧ ಬೆಟ್ಟ. ಮೇಲಿನದೇ ಸಮ, ಹಾಗಾಗಿ ಪಿಕ್ಸೆಲ್ಲಿಗೆ ಆಕಾಶದ ಬಣ್ಣವೇ ಸಿಗುತ್ತದೆ, ಬೆಟ್ಟದ ಕಲಬೆರಕೆ ಇಲ್ಲ. ಇಡೀ ಚಿತ್ರಕ್ಕೆ ಹೀಗೆ ಮಾಡಿದರೆ ಚಪ್ಪಟೆ ಬಣ್ಣದ ತುಣುಕುಗಳು, ಅವುಗಳ ನಡುವೆ ಚೂಪಾದ ಗಡಿಗಳು. ನೋಡಿದವರಿಗೆ ಯಾರೋ ಚಪ್ಪಟೆ ಬ್ರಷ್ಷಿನಿಂದ ಬಳಿದ ಹಾಗೆ! ವೈದ್ಯರ ಉಪಕರಣ ಕಲಾವಿದರ ಪಾಲಾಯಿತು. 2009ರಲ್ಲಿ ಯಾನ್ ಎರಿಕ್ ಕಿಪ್ರಿಯಾನಿಡಿಸ್ ಮತ್ತು ಜೊತೆಗಾರರು ಆ ಚೌಕಗಳ ಬದಲಿಗೆ ಚಿತ್ರದ ಗೆರೆಗಳ ದಿಕ್ಕಿಗೆ ಬಾಗುವ ಆಕಾರಗಳನ್ನು ತಂದರು. ಆಗ ಕೂದಲು, ಮರದ ಕೊಂಬೆ, ಸೀರೆಯ ಮಡಿಕೆಯ ಗುಂಟ ಹರಿಯುವ ಗೆರೆಗಳು ಬಂದವು. ಉಚಿತವಾಗಿ ಸಿಗುವ ಫೋಟೋ ಎಡಿಟಿಂಗ್ ತಂತ್ರಾಂಶ ಗಿಂಪ್‌ನ ‘ಆಯಿಲಿಫೈ’ ಇನ್ನೂ ಸರಳ: ಸುತ್ತಲಿನ ವೃತ್ತದಲ್ಲಿ ಯಾವ ಹೊಳಪಿನ ಮಟ್ಟಕ್ಕೆ ಬಹುಮತವಿದೆಯೋ ಆ ಬಣ್ಣ ಗೆಲ್ಲುತ್ತದೆ.

ಈ ಲೆಕ್ಕದೊಳಗೆ ‘ಇದು ಮುಖ’, ‘ಇದು ಗೋಡೆ’ ಅನ್ನುವ ತಿಳಿವಳಿಕೆ ಎಲ್ಲೂ ಇಲ್ಲ. ಬೆಂಗಳೂರಿನ ಕೆ.ಆರ್. ಮಾರುಕಟ್ಟೆಯಲ್ಲಿ ಚೆಂಡುಹೂವಿನ ರಾಶಿಯ ಹಿಂದೆ ಕೂತು ಮಾಲೆ ಕಟ್ಟುತ್ತಿರುವ ಹೆಂಗಸಿನ ಫೋಟೋ ಎಂದುಕೊಳ್ಳಿ. ಚಿತ್ರದ ಅಗಲ 1500 ಪಿಕ್ಸೆಲ್, ಅದರಲ್ಲಿ ಆಕೆಯ ಮುಖ 150 ಪಿಕ್ಸೆಲ್. ಮುಖದ ಅಗಲದಲ್ಲಿ ಒಂದು ಕಣ್ಣು ಸುಮಾರು ಐದನೇ ಒಂದು ಪಾಲು, ಅಂದರೆ 30 ಪಿಕ್ಸೆಲ್. ಕಣ್ಣಿನೊಳಗಿನ ಬೆಳಕಿನ ಚುಕ್ಕೆ ಹೆಚ್ಚೆಂದರೆ 3. ಫಿಲ್ಟರಿನ ಕುಂಚದ ಗೆರೆ 12 ಪಿಕ್ಸೆಲ್ ಅಗಲ ಇದ್ದರೆ ಏನಾಗುತ್ತದೆ? ಹೂವಿನ ರಾಶಿ ಅದ್ಭುತವಾಗಿ ಬರುತ್ತದೆ. ಸಾವಿರ ಎಸಳುಗಳು ಕಿತ್ತಳೆ, ಹಳದಿ, ಕಂದುಗೆಂಪಿನ ನೂರಿನ್ನೂರು ಒತ್ತುಗಳಾಗುತ್ತವೆ. ಕಣ್ಣಿನ ಚುಕ್ಕೆ ಮಾಯ, ರೆಪ್ಪೆ ಹುಬ್ಬಿನೊಳಕ್ಕೆ ಕರಗಿಹೋಗುತ್ತದೆ, ದಾರ ಸುತ್ತುವ ಬೆರಳುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅತ್ತ ಹಿಂದಿನ ಅಂಗಡಿ ಬೋರ್ಡಿನ ದಪ್ಪ ಕೆಂಪಕ್ಷರಗಳು ಮಾತ್ರ ಗಟ್ಟಿಯಾಗಿ ನಿಂತಿರುತ್ತವೆ. ಬಿಳಿಯ ಮೇಲಿನ ಕೆಂಪಿಗೆ ಅಂಚು ಜೋರು, ಫಿಲ್ಟರಿಗೆ ಕಾಣುವುದು ಅಂಚು ಮಾತ್ರ. ಚಿತ್ರಕಾರ ಆ ಬೋರ್ಡನ್ನು ಮೊದಲು ಒರೆಸಿಹಾಕುತ್ತಿದ್ದ.

ಈ ಸಮಸ್ಯೆ ಕಂಪ್ಯೂಟರ್ ವಿಜ್ಞಾನಿಗಳಿಗೆ ಮೊದಲಿನಿಂದ ಗೊತ್ತಿತ್ತು. 1990ರಲ್ಲಿ ಪಾಲ್ ಹೆಬರ್ಲಿ ತೋರಿಸಿದ ವಿಧಾನದಲ್ಲಿ ಫೋಟೋ ಕೆಳಗೆ ಅಡಗಿರುತ್ತಿತ್ತು. ಮೌಸ್ ಎಳೆದಲ್ಲೆಲ್ಲ ಕೆಳಗಿನ ಫೋಟೋದ ಬಣ್ಣ ಹೀರಿಕೊಂಡ ಕುಂಚದ ಗೆರೆ ಮೇಲೆ ಬೀಳುತ್ತಿತ್ತು. ಬಣ್ಣ ಫೋಟೋದ್ದು, ಗೆರೆ ಮನುಷ್ಯನದ್ದು. ಪೇಂಟರ್ ಎಂಬ ತಂತ್ರಾಂಶದಲ್ಲಿರುವ ಕ್ಲೋನಿಂಗ್ ಕುಂಚಗಳು ಕೆಲಸಮಾಡುವುದೂ ಹೀಗೆಯೇ. 1998ರಲ್ಲಿ ಆರನ್ ಹರ್ಟ್ಸ್‌ಮನ್ ಮೊದಲು ದೊಡ್ಡ ಕುಂಚದಿಂದ ಇಡೀ ಚಿತ್ರ ಬಳಿದು, ಆಮೇಲೆ ಎಲ್ಲಿ ಮೂಲಕ್ಕಿಂತ ಹೆಚ್ಚು ವ್ಯತ್ಯಾಸ ಕಾಣುತ್ತದೋ ಅಲ್ಲಿ ಮಾತ್ರ ಸಣ್ಣ ಕುಂಚ ಆಡಿಸುವ ವಿಧಾನ ಬರೆದರು. ಚಿತ್ರಕಾರರ ಅಭ್ಯಾಸಕ್ಕೆ ತುಂಬ ಹತ್ತಿರದ್ದು ಇದು. ಆದರೂ ಬೋರ್ಡಿನ ಅಕ್ಷರಕ್ಕೆ ಸಣ್ಣ ಕುಂಚ ಸಿಗುವುದು ತಪ್ಪಲಿಲ್ಲ.

ಹಾಗಾದರೆ ಫಿಲ್ಟರ್ ಬಳಸುವವರು ಮಾಡಬೇಕಾದ್ದೇನು? ಮೊದಲು ಅಳತೆಯ ವಿಷಯ, ಏಕೆಂದರೆ ಹತ್ತರಲ್ಲಿ ಒಂಬತ್ತು ಮಂದಿ ಸೋಲುವುದು ಇಲ್ಲಿ. ಫಿಲ್ಟರಿನ ಗೆರೆ ಪಿಕ್ಸೆಲ್ ಲೆಕ್ಕದ್ದು, ಗೋಡೆಯ ಚಿತ್ರ ಇಂಚಿನ ಲೆಕ್ಕದ್ದು. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಫೋಟೋ 6000 ಪಿಕ್ಸೆಲ್ ಅಗಲ. ಅದನ್ನು 30 ಇಂಚು ಅಗಲದ ಕ್ಯಾನ್ವಾಸಿಗೆ ಹಾಕಿದರೆ ಇಂಚಿಗೆ 200 ಪಿಕ್ಸೆಲ್. 12 ಪಿಕ್ಸೆಲ್ಲಿನ ಕುಂಚದ ಗೆರೆ ಒಂದೂವರೆ ಮಿಲಿಮೀಟರ್ ಆಗುತ್ತದೆ. ಮೂರಡಿ ದೂರದಿಂದ ನೋಡಿದವರಿಗೆ ಅದು ಕುಂಚವಲ್ಲ, ಕೆಟ್ಟ ಫೋಕಸ್. ಅದೇ ಫೋಟೋವನ್ನು 1500 ಪಿಕ್ಸೆಲ್ಲಿಗೆ ಇಳಿಸಿ ಫಿಲ್ಟರ್ ಹಾಕಿ, ಆಮೇಲೆ ಮೊದಲಿನ ಗಾತ್ರಕ್ಕೆ ಏರಿಸಿದರೆ ಗೆರೆ 6 ಮಿಲಿಮೀಟರ್. ಈಗ ಬ್ರಷ್ಷಿನ ಹಾಗೆ ಕಾಣುತ್ತದೆ. ಸ್ಲೈಡರನ್ನು ಎಷ್ಟೇ ಎಳೆದಾಡಿದರೂ ಸಿಗದ ಫಲ ಹೀಗೆ ಚಿತ್ರದ ಗಾತ್ರ ಬದಲಿಸಿದರೆ ಸಿಗುತ್ತದೆ.

ಇದೇ ಲೆಕ್ಕದಲ್ಲಿ ನಮ್ಮ ಊರುಗಳ ಸ್ಟುಡಿಯೋದವರು ಬಹಳ ಹಿಂದೆಯೇ ಕಂಡುಕೊಂಡ ಒಂದು ಜಾಣತನವೂ ಇದೆ. ತೀರಿಕೊಂಡ ಹಿರಿಯರ ದೊಡ್ಡ ಫೋಟೋ ಬೇಕೆಂದು ಬರುವವರ ಕೈಯಲ್ಲಿರುವುದು ಹೆಚ್ಚಾಗಿ ವಾಟ್ಸ್‌ಆ್ಯಪ್‌ನಲ್ಲಿ ಬಂದ ಚಿತ್ರ, ಉದ್ದದ ಬದಿ 1600 ಪಿಕ್ಸೆಲ್ ಆಸುಪಾಸಿನದು. 30 ಇಂಚಿಗೆ ಹಿಗ್ಗಿಸಿದರೆ ಫೋಟೋವಾಗಿ ಒಡೆದುಹೋಗುತ್ತದೆ. ‘ಪೇಂಟಿಂಗ್ ಎಫೆಕ್ಟ್ ಕೊಡ್ತೀನಿ ಸಾರ್, ಚೆನ್ನಾಗಿ ಬರುತ್ತೆ’ ಅನ್ನುವುದು ಅದಕ್ಕೇ. ಇಲ್ಲದ ವಿವರವನ್ನು ಕುಂಚದ ಗೆರೆ ಮುಚ್ಚುತ್ತದೆ. ಒಂದೇ ಎಚ್ಚರ: ಫೈಲನ್ನು ಚಿಕ್ಕದು ಮಾಡುವ ಜೆಪೆಗ್ ಕುಗ್ಗಿಸುವಿಕೆ ಚಿತ್ರವನ್ನು 8×8 ಪಿಕ್ಸೆಲ್ ಚೌಕಗಳಾಗಿ ಹೋಳು ಮಾಡಿರುತ್ತದೆ. ಹಲವು ಕೈ ದಾಟಿ ಬಂದ ಚಿತ್ರದಲ್ಲಿ ಆ ಚೌಕಗಳ ಅಂಚು ಎದ್ದಿರುತ್ತದೆ. ಫಿಲ್ಟರ್ ಅದನ್ನೇ ನಿಜವಾದ ಅಂಚೆಂದು ನಂಬಿ ಕೆನ್ನೆಯ ಮೇಲೆ ಮೆಟ್ಟಿಲು ಕಟ್ಟುತ್ತದೆ. ಮೊದಲು ನಾಯ್ಸ್ ತೆಗೆಯಬೇಕು, ಆಮೇಲೆ ಬಣ್ಣ.

ಅಳತೆ ಆದಮೇಲೆ ಮಾಸ್ಕ್. ಫೋಟೋಶಾಪಿನಲ್ಲಾದರೆ ಲೇಯರನ್ನು ಸ್ಮಾರ್ಟ್ ಆಬ್ಜೆಕ್ಟ್ (ಮೂಲ ಚಿತ್ರ ಕೆಡದಂತೆ ಇಡುವ ಪದರ) ಮಾಡಿಕೊಂಡು ಆಯಿಲ್ ಪೇಂಟ್ ಹಾಕಬೇಕು. ಆಗ ಅದರ ಜೊತೆಗೇ ಒಂದು ಬಿಳಿ ಮಾಸ್ಕ್ ಬರುತ್ತದೆ, ಅದರ ಮೇಲೆ ಕಪ್ಪು ಬಳಿದಲ್ಲೆಲ್ಲ ಫಿಲ್ಟರ್ ಹಿಂದೆ ಸರಿಯುತ್ತದೆ. ಹೂವಿನ ಹೆಂಗಸಿನ ಚಿತ್ರಕ್ಕೆ ಮೂರು ಪದರ ಸಾಕು: ಗೋಡೆ, ಬೋರ್ಡುಗಳಿಗೆ ‘ಸ್ಕೇಲ್’ ದೊಡ್ಡದಿಟ್ಟ ಪದರ, ಹೂವಿಗೆ ಮಧ್ಯಮ, ಮುಖ ಮತ್ತು ಬೆರಳುಗಳಿಗೆ ಸಣ್ಣದು. ಕಣ್ಣಿನ ಚುಕ್ಕೆಯನ್ನು ಕೊನೆಗೆ ಕೈಯಲ್ಲೇ ಇಡಬೇಕು. ಬೋರ್ಡಿನ ಅಕ್ಷರಗಳನ್ನು ಫಿಲ್ಟರಿಗಿಂತ ಮೊದಲೇ ಮಸುಕುಮಾಡಿಕೊಂಡರೆ ಇನ್ನೂ ಒಳ್ಳೆಯದು. ‘ಶೈನ್’ ಎಂಬ ಸ್ಲೈಡರ್ ಬಣ್ಣ ದಪ್ಪಗೆ ಉಬ್ಬಿದ ಹಾಗೆ ನೆರಳು ಕೊಡುತ್ತದೆ. ಬಹಳ ಜನ ಅದನ್ನು ಕೊನೆಯವರೆಗೆ ಎಳೆದು ಚಿತ್ರಕ್ಕೆ ಪ್ಲಾಸ್ಟಿಕ್ ಹೊದಿಕೆ ಹಾಕಿದಂತೆ ಮಾಡುತ್ತಾರೆ. ಫೋಟೋದಲ್ಲಿ ಬೆಳಕು ಎಡದಿಂದ ಬಂದಿದ್ದರೆ ಫಿಲ್ಟರಿನ ಬೆಳಕಿನ ಕೋನವೂ ಎಡದ್ದೇ ಇರಬೇಕು ಅನ್ನುವಷ್ಟು ಸರಳ ಸಂಗತಿಯನ್ನೂ ಮರೆಯುತ್ತಾರೆ. ಫೋಟೋಶಾಪಿಗೆ ಬಾಡಿಗೆ ಕಟ್ಟಲಾಗದವರು ಗಿಂಪ್‌ಗೆ ಜಿಮಿಕ್ ಎಂಬ ಉಚಿತ ಪ್ಲಗಿನ್ ಸೇರಿಸಿಕೊಂಡರೆ ಕುವಹಾರ ಸೇರಿದಂತೆ ಹತ್ತಾರು ಚಿತ್ರಫಿಲ್ಟರುಗಳು ಸಿಗುತ್ತವೆ. ಅಲ್ಲೂ ಲೇಯರ್, ಮಾಸ್ಕಿನ ಕೆಲಸ ಇದೇ.

ಜಲವರ್ಣದ ಮಾತು ಬೇರೆ. ಅದನ್ನು ಫಿಲ್ಟರಿನಿಂದ ತೃಪ್ತಿಯಾಗುವಂತೆ ಮಾಡಿದ್ದನ್ನು ನಾನು ಕಂಡದ್ದು ಕಡಿಮೆ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ದೀಪ ಹಿಡಿದು ನಿಂತ ಹೆಂಗಸಿನ ಚಿತ್ರದ ಎದುರು ಜನ ಗುಂಪುಗಟ್ಟಿ ನಿಲ್ಲುತ್ತಾರಲ್ಲ, ಎಸ್.ಎಲ್. ಹಲ್ದಂಕರ್ ಅವರದು. ಅನೇಕರು ಅದು ರವಿವರ್ಮನದೆಂದೂ ತೈಲಚಿತ್ರವೆಂದೂ ತಿಳಿದು ಹೊರಬರುತ್ತಾರೆ. ಅದು ಜಲವರ್ಣ. ಜಲವರ್ಣದಲ್ಲಿ ಬೆಳಕೆಂದರೆ ಬಳಿಯದೆ ಉಳಿಸಿದ ಕಾಗದದ ಬಿಳುಪು. ಬೆರಳ ಸಂದಿಯಲ್ಲಿ ಕೆಂಪಾಗಿ ಹೊಳೆಯುವ ಆ ಜ್ವಾಲೆಯ ಕಾಂತಿಗೆ ಜಾಗ ಎಲ್ಲಿ ಎಂದು ಮೊದಲ ಕುಂಚಕ್ಕೂ ಮುಂಚೆ ಗೊತ್ತಿರಬೇಕು. ಫಿಲ್ಟರ್ ಮಾಡುವುದು ತದ್ವಿರುದ್ಧ. ಫಿಲ್ಟರ್ ಗ್ಯಾಲರಿಯ ವಾಟರ್‌ಕಲರ್‌ನಲ್ಲಿ ನೆರಳಿನ ತೀವ್ರತೆಯನ್ನು ಸೊನ್ನೆಗೆ ಇಳಿಸಿದರೂ ಅದು ಚಿತ್ರವನ್ನು ಕಪ್ಪಾಗಿಸುತ್ತದೆ. ಹಾಗಾಗಿ ಮೊದಲೇ ಫೋಟೋವನ್ನು ಅತಿಯಾಗಿ ಅನ್ನಿಸುವಷ್ಟು ಬೆಳ್ಳಗೆ ಮಾಡಿಕೊಂಡು, ನೆರಳನ್ನು ತೆಳುವಾಗಿಸಿ, ಆಮೇಲೆ ಫಿಲ್ಟರ್ ಹಾಕಿ, ಅಂಚುಗಳನ್ನು ಕಾಗದದ ಬಿಳುಪಿಗೆ ಅಂಕುಡೊಂಕಾಗಿ ಬಿಟ್ಟುಕೊಟ್ಟರೆ ತಕ್ಕಮಟ್ಟಿಗೆ ಜಲವರ್ಣದ ಭಾವ ಬರುತ್ತದೆ. ಒಣಗುವಾಗ ಬಣ್ಣ ಅಂಚಿಗೆ ಹರಿದು ಅಲ್ಲಿ ಗಾಢವಾಗುವುದು, ಕಾಗದದ ತಗ್ಗಿನಲ್ಲಿ ಕಾಳುಕಟ್ಟುವುದು ಇವನ್ನೆಲ್ಲ ನೀರಿನ ಹರಿವನ್ನೇ ಲೆಕ್ಕಹಾಕಿ ತೋರಿಸುವ ಸಂಶೋಧನೆ 1997ರಷ್ಟು ಹಿಂದೆಯೇ ಆಗಿದೆ. ಬಟನ್ ಒತ್ತುವ ಫಿಲ್ಟರುಗಳಿಗೆ ಅದರಲ್ಲಿ ಸ್ವಲ್ಪವೇ ಇಳಿದು ಬಂದಿದೆ.

ನಡುವೆ ಒಂದು ಕಸುಬಿನ ಬಗ್ಗೆ ಹೇಳದೆ ಹೋದರೆ ಅನ್ಯಾಯ. ಸ್ಟಾರ್ ನಟರ ಹುಟ್ಟುಹಬ್ಬ ಬಂತೆಂದರೆ ಅಭಿಮಾನಿಗಳು ‘ಸಿಡಿಪಿ’ ಬಿಡುಗಡೆ ಮಾಡುತ್ತಾರೆ, ಎಲ್ಲರೂ ಒಟ್ಟಿಗೆ ಹಾಕಿಕೊಳ್ಳುವ ಡಿಪಿ. ಚುನಾವಣೆ, ಜಾತ್ರೆ, ಗಣೇಶೋತ್ಸವದ ಫ್ಲೆಕ್ಸುಗಳಲ್ಲೂ ಇದೇ ಹೊಳೆಯುವ ಮುಖಗಳು. ಇವಕ್ಕೆ ಬಳಸುವುದು ಸ್ಮಡ್ಜ್ ಪೇಂಟಿಂಗ್. ಫೋಟೋಶಾಪಿನ ಸ್ಮಡ್ಜ್ ಟೂಲ್ ಅಥವಾ ಮಿಕ್ಸರ್ ಬ್ರಷ್ ಹಿಡಿದು ಚರ್ಮದ ಬಣ್ಣವನ್ನು ಕೆನ್ನೆಯ ತಿರುವಿನ ಗುಂಟ ಎಳೆಯುತ್ತಾರೆ. ಕೂದಲು ಗಡ್ಡಗಳನ್ನು ಎಳೆ ಎಳೆಯಾಗಿ ಹೊಸದಾಗಿ ಬರೆಯುತ್ತಾರೆ, ಕಣ್ಣಿಗೆ ಬಿಳಿ ಚುಕ್ಕೆ, ಮೂಗಿನ ತುದಿಗೆ ಮಿಂಚು. ಪೆನ್ ಟ್ಯಾಬ್ಲೆಟ್ ಇಲ್ಲದ ಹುಡುಗರು ಫೋನಿನ ಮೇಲೆ ಬೆರಳಲ್ಲೇ ಇದನ್ನು ಮಾಡುತ್ತಾರೆ. ಚರ್ಮ ಮೇಣದ ಬೊಂಬೆಯಂತೆ ಕಾಣುತ್ತದೆ, ಎಲ್ಲ ನಾಯಕರಿಗೂ ಒಂದೇ ವಯಸ್ಸು, ಒಪ್ಪುತ್ತೇನೆ. ಆದರೂ ಒಂದು ಬಟನ್ನಿನ ಆಯಿಲ್ ಪೇಂಟಿಗಿಂತ ಇದು ಹೆಚ್ಚು ಚಿತ್ರಕಲೆ. ಪ್ರತಿ ಗೆರೆಯನ್ನೂ ಯಾರೋ ಬೇಕೆಂದು ಎಳೆದಿದ್ದಾರೆ. ಮುಖ ಎಲ್ಲಿ ಉಬ್ಬುತ್ತದೆ, ಎಲ್ಲಿ ತಗ್ಗುತ್ತದೆ ಎಂದು ಅವರ ಬೆರಳಿಗೆ ಗೊತ್ತಾಗಿದೆ.

ಲೆಕ್ಕದ ಫಿಲ್ಟರಿನಿಂದ ಎಐ ಕಡೆಗೆ ದಾರಿ ತಿರುಗಿದ್ದು 2015ರಲ್ಲಿ. ಜರ್ಮನಿಯ ಟ್ಯೂಬಿಂಗೆನ್‌ನಲ್ಲಿ ಲಿಯೋನ್ ಗ್ಯಾಟಿಸ್, ಅಲೆಕ್ಸಾಂಡರ್ ಎಕ್ಕರ್, ಮಥಿಯಾಸ್ ಬೆತ್ಗೆ ಎಂಬ ಮೂವರು, ಫೋಟೋದಲ್ಲಿರುವ ವಸ್ತುಗಳನ್ನು ಗುರುತಿಸಲು ತರಬೇತಾದ ನರಜಾಲವೊಂದನ್ನು (ಮೆದುಳಿನ ಮಾದರಿಯ ಕಂಪ್ಯೂಟರ್ ವ್ಯವಸ್ಥೆ) ಬಳಸಿ, ಒಂದು ಫೋಟೋದ ವಿಷಯವನ್ನೂ ಇನ್ನೊಂದು ಚಿತ್ರದ ಶೈಲಿಯನ್ನೂ ಬೆಸೆದರು. ತಮ್ಮೂರಿನ ನದಿದಂಡೆಯ ಮನೆಗಳ ಫೋಟೋ ವ್ಯಾನ್ ಗಾಗ್‌ನ ನಕ್ಷತ್ರದ ರಾತ್ರಿಯ ಹಾಗೆ ಸುಳಿಸುಳಿಯಾಗಿ ಬಂತು. ಮರುವರ್ಷ ಜೂನ್‌ನಲ್ಲಿ ಪ್ರಿಸ್ಮಾ ಆ್ಯಪ್ ಇದನ್ನು ಎಲ್ಲರ ಜೇಬಿಗೆ ತಂದಿತು. 2020ರಲ್ಲಿ ಫೋಟೋಶಾಪಿನ ನ್ಯೂರಲ್ ಫಿಲ್ಟರುಗಳ ಸಾಲಿಗೂ ಸೇರಿತು. ಅದರ ದೌರ್ಬಲ್ಯ ಹಳೇದೇ: ವ್ಯಾನ್ ಗಾಗ್ ಸುಳಿ ತಿರುಗಿಸಿದ್ದು ಆಕಾಶದಲ್ಲಿ, ಕೆಳಗಿನ ಊರಿನ ಮನೆಗಳಿಗೆ ನೇರ, ಚಿಕ್ಕ ಗೆರೆ ಸಾಕೆಂದುಕೊಂಡಿದ್ದ. ಪ್ರಿಸ್ಮಾ ಆಕಾಶದ ಸುಳಿಯನ್ನು ನಿಮ್ಮ ಕೆನ್ನೆಯ ಮೇಲೂ ತಿರುಗಿಸಿತು.

2025ರ ಚಾಟ್‌ಜಿಪಿಟಿ, ಜೆಮಿನಿಗಳಿಗೆ ಆ ದೌರ್ಬಲ್ಯವಿಲ್ಲ. ಮುಖ ಯಾವುದು, ಗೋಡೆ ಯಾವುದು ಅವಕ್ಕೆ ಗೊತ್ತು. ಕಣ್ಣಿಗೆ ಸಣ್ಣ ಕುಂಚ, ಗೋಡೆಗೆ ದೊಡ್ಡದು, ಬೋರ್ಡು ಬೇಡವೆಂದರೆ ಬೋರ್ಡಿಲ್ಲ. ಕಲ್ಯಾಣ ಮಂಟಪದ ಚಿತ್ರಕಾರರು ಮಾಡಿದ ಆಯ್ಕೆಗಳನ್ನು ಮೇಲ್ನೋಟಕ್ಕೆ ಇವೂ ಮಾಡುತ್ತವೆ. ಆದರೆ ಇವು ನಿಮ್ಮ ಫೋಟೋದ ಪಿಕ್ಸೆಲ್ಲುಗಳನ್ನು ತಿದ್ದುತ್ತಿಲ್ಲ. ಫೋಟೋವನ್ನು ಓದಿಕೊಂಡು, ತಮ್ಮ ತರಬೇತಿಯಲ್ಲಿ ಕಂಡ ಕೋಟ್ಯಂತರ ಚಿತ್ರಗಳ ಆಧಾರದ ಮೇಲೆ ಬೇರೊಂದು ಚಿತ್ರ ರಚಿಸುತ್ತವೆ. ಅದಕ್ಕೇ ಅಜ್ಜಿಯ ಇಳಕಲ್ ಸೀರೆ ಬರೀ ಕೆಂಪಂಚಿನ ‘ಇಂಡಿಯನ್ ಸೀರೆ’ ಆಗಿ ವಾಪಸ್ ಬರುತ್ತದೆ. ಸೆರಗಿನ ತೆನೆಯ ಸಾಲು ಯಾವುದೋ ಬಳ್ಳಿಯಾಗಿರುತ್ತದೆ. ಕುಪ್ಪಸದ ಕಸೂತಿಯಲ್ಲಿ ಎಳೆ ಎಣಿಸಿ ಹಾಕಿದ ಗೋಪುರ, ತೇರುಗಳು ಹತ್ತಿರದಿಂದ ನೋಡಿದರೆ ಅರ್ಥವಿಲ್ಲದ ಗೀರುಗಳು. ಆಯಿಲ್ ಪೇಂಟ್ ಫಿಲ್ಟರ್ ಕೂಡ ಆ ಕಸೂತಿಯನ್ನು ಉಳಿಸುತ್ತಿರಲಿಲ್ಲ, ಮಸುಕು ಮಾಡುತ್ತಿತ್ತು. ಮಸುಕಾದದ್ದನ್ನು ನೋಡಿದವರಿಗೆ ಇಲ್ಲೇನೋ ಕಾಣುತ್ತಿಲ್ಲ ಎಂದಾದರೂ ತಿಳಿಯುತ್ತದೆ. ಎಐ ಹಾಕಿಕೊಟ್ಟ ಸುಳ್ಳು ಕಸೂತಿ ನೋಡಿದವರಿಗೆ ಅಷ್ಟೂ ತಿಳಿಯುವುದಿಲ್ಲ.

ತೀರಿಕೊಂಡವರ ಚಿತ್ರದಲ್ಲಿ ಇದು ಇನ್ನೂ ತೀಕ್ಷ್ಣ. ಮಸುಕು ಫೋಟೋದಿಂದ ಎಐ ಕೊಡುವ ಮುಖಕ್ಕೆ ರೆಪ್ಪೆಗಳಿರುತ್ತವೆ, ಚರ್ಮಕ್ಕೆ ರಂಧ್ರಗಳಿರುತ್ತವೆ, ಹಲ್ಲಿನ ಸಾಲು ಮುತ್ತಿನಂತಿರುತ್ತದೆ. ಆ ಹಲ್ಲು ಅಪ್ಪನದಲ್ಲ. ಮನೆಯವರಿಗೆ ಎಲ್ಲೋ ಏನೋ ಸರಿಯಿಲ್ಲ ಅನ್ನಿಸುತ್ತದೆ, ಏನೆಂದು ಹೇಳಲು ಬರುವುದಿಲ್ಲ. ಇಂಥ ಕಡೆ ಹಳೇ ಫಿಲ್ಟರಿನ ಪೆದ್ದುತನವೇ ಮೇಲು ಅನ್ನುವುದು ನನ್ನ ಅಭಿಪ್ರಾಯ. ವಿವರವಿಲ್ಲದ ಕಡೆ ಅದು ಬಣ್ಣ ಬಳಿಯುತ್ತದೆ, ಹಲ್ಲು ಕಟ್ಟಿಸುವುದಿಲ್ಲ. ಡಿಪಿಗೆ, ತಮಾಷೆಗೆ, ಮಗುವಿನ ಹುಟ್ಟುಹಬ್ಬದ ಕಾರ್ಡಿಗೆ ಎಐ ಬಳಸುವವರ ಮೇಲೆ ನನಗೇನೂ ತಕರಾರಿಲ್ಲ.

ಹಕ್ಕಿನ ವಿಚಾರಕ್ಕೆ ಬಂದರೆ, ‘ಪೇಂಟಿಂಗ್ ಮಾಡಿಬಿಟ್ಟೆ, ಇನ್ನು ಅದು ನನ್ನದು’ ಎಂದುಕೊಂಡವರು ಬಹಳ. ಭಾರತದ 1957ರ ಹಕ್ಕುಸ್ವಾಮ್ಯ ಕಾಯ್ದೆ ಹಾಗೆ ಹೇಳುವುದಿಲ್ಲ. ಕೃತಿಯೊಂದನ್ನು ಮಾರ್ಪಡಿಸಿ ಬಳಸುವುದೂ ಅದರಲ್ಲಿ ರೂಪಾಂತರವೆಂಬ ಅರ್ಥದೊಳಗೆ ಬರುತ್ತದೆ, ರೂಪಾಂತರದ ಹಕ್ಕು ಮೂಲ ಕೃತಿಯ ಒಡೆಯನದು. ಅಂತರ್ಜಾಲದಲ್ಲಿ ಸಿಕ್ಕ ಯಾರದೋ ಹುಲಿಯ ಫೋಟೋಗೆ ಆಯಿಲ್ ಪೇಂಟ್ ಹಾಕಿದ ಮಾತ್ರಕ್ಕೆ ಹುಲಿ ನಿಮ್ಮದಾಗುವುದಿಲ್ಲ. ಫೋಟೋದ ಕರ್ತೃ ಅದನ್ನು ತೆಗೆದವನು. ಆದರೆ ಹಣ ಕೊಟ್ಟು ತೆಗೆಸಿದ ಫೋಟೋಗೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಮೊದಲ ಒಡೆಯ ತೆಗೆಸಿದವನೇ ಎಂದು 17ನೇ ಸೆಕ್ಷನ್ ಹೇಳುತ್ತದೆ. ಅಂದರೆ ನಿಮ್ಮ ಮದುವೆ ಫೋಟೋವನ್ನು ನೀವು ಪೇಂಟಿಂಗ್ ಮಾಡಿಸಿಕೊಳ್ಳಲು ಸಾಮಾನ್ಯವಾಗಿ ಸ್ಟುಡಿಯೋದವರ ಅಪ್ಪಣೆ ಬೇಕಿಲ್ಲ, ಸ್ಟುಡಿಯೋದವರು ನಿಮ್ಮ ಫೋಟೋವನ್ನು ಪೇಂಟಿಂಗ್ ಮಾಡಿ ಮಾರಲು ನಿಮ್ಮ ಅಪ್ಪಣೆ ಬೇಕು. ಶೈಲಿಯೊಂದಕ್ಕೆ ಮಾತ್ರ ಒಡೆತನವಿಲ್ಲ, ಯಾರು ಬೇಕಾದರೂ ವ್ಯಾನ್ ಗಾಗ್‌ನ ಹಾಗೆ ಬಳಿಯಬಹುದು.

ಅಮೆರಿಕದಲ್ಲಿ ಇದು ದೊಡ್ಡ ಕೋರ್ಟಿನವರೆಗೂ ಹೋಯಿತು. ಲಿನ್ ಗೋಲ್ಡ್‌ಸ್ಮಿತ್ 1981ರಲ್ಲಿ ತೆಗೆದ ಗಾಯಕ ಪ್ರಿನ್ಸ್‌ನ ಫೋಟೋ ಆಧರಿಸಿ ಆಂಡಿ ವಾರ್ಹಾಲ್ ಗಾಢ ಬಣ್ಣದ ಚಿತ್ರಸರಣಿ ಮಾಡಿದ್ದ. 1984ರಲ್ಲಿ ಪತ್ರಿಕೆಯೊಂದು ಆಕೆಗೆ 400 ಡಾಲರ್ ಕೊಟ್ಟು ಅನುಮತಿ ಪಡೆದದ್ದು ಒಂದು ಸಲದ ಬಳಕೆಗೆ. 2016ರಲ್ಲಿ ಪ್ರಿನ್ಸ್ ತೀರಿಕೊಂಡಾಗ ವಾರ್ಹಾಲ್ ಪ್ರತಿಷ್ಠಾನ ಅದೇ ಸರಣಿಯ ಇನ್ನೊಂದು ಚಿತ್ರವನ್ನು ಮುಖಪುಟಕ್ಕೆ 10,000 ಡಾಲರಿಗೆ ಕೊಟ್ಟಿತು. ಛಾಯಾಗ್ರಾಹಕಿಗೆ ಕಾಸೂ ಇಲ್ಲ, ಹೆಸರೂ ಇಲ್ಲ. 2023ರ ಮೇ 18ರಂದು ಸುಪ್ರೀಂ ಕೋರ್ಟ್ 7-2ರ ಬಹುಮತದಿಂದ ಆಕೆಯ ಪರ ನಿಂತಿತು: ಆಕೆಯ ಫೋಟೋ, ವಾರ್ಹಾಲ್‌ನ ಚಿತ್ರ ಎರಡೂ ಪತ್ರಿಕೆಗೆ ಪ್ರಿನ್ಸ್‌ನ ಮುಖ ಒದಗಿಸುವ ಒಂದೇ ಕೆಲಸಕ್ಕೆ ಮಾರಾಟವಾದವು ಅನ್ನುವುದು ಮುಖ್ಯವಾಯಿತು. ವಾರ್ಹಾಲ್‌ನಷ್ಟು ದೊಡ್ಡ ಹೆಸರಿಗೇ ಹೀಗಾದರೆ ಫಿಲ್ಟರ್ ಬಟನ್ನಿನ ಗತಿ ಊಹಿಸಿ.

ಉಳಿದದ್ದು ಮಾರಾಟ. ಪ್ರತಿ ಜನವರಿಯಲ್ಲಿ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ನಡೆಯುವ ಚಿತ್ರಸಂತೆಗೋ, ಊರಿನ ಫ್ರೇಮ್ ಅಂಗಡಿಗೋ ಹೋದವರು ಕ್ಯಾನ್ವಾಸ್ ಮೇಲಿರುವುದೆಲ್ಲ ಕೈಯಲ್ಲಿ ಬರೆದದ್ದೆಂದು ತಿಳಿಯುವುದು ಸಹಜ. ಫೋಟೋಗೆ ಫಿಲ್ಟರ್ ಹಾಕಿ ಕ್ಯಾನ್ವಾಸಿಗೆ ಅಚ್ಚುಹಾಕಿದ್ದನ್ನು ಪ್ರಿಂಟ್ ಎಂದು ಹೇಳಿ ಮಾರಿದರೆ ಅದೊಂದು ಮರ್ಯಾದಸ್ಥ ವಸ್ತು. ಪೇಂಟಿಂಗ್ ಎಂದು ಹೇಳಿ ಮಾರಿದರೆ ಮೋಸ. ಪತ್ತೆಹಚ್ಚಲು ಫೋನಿನ ಟಾರ್ಚ್ ಸಾಕು. ಚಿತ್ರದ ಪಕ್ಕಕ್ಕೆ ಬಂದು, ಬೆಳಕನ್ನು ಗೋಡೆಗೆ ಸಮಾನಾಂತರವಾಗಿ ಹಾಯಿಸಿ, ಟಾರ್ಚನ್ನು ಎಡದಿಂದ ಬಲಕ್ಕೆ ಒಯ್ಯಿರಿ. ನಿಜವಾದ ಎಣ್ಣೆಬಣ್ಣದ ಉಬ್ಬುಗಳಾದರೆ ಅವುಗಳ ನೆರಳೂ ಟಾರ್ಚಿನೊಂದಿಗೆ ಸರಿಯುತ್ತದೆ. ಫಿಲ್ಟರಿನ ‘ಶೈನ್’ ಹಾಕಿದ ನೆರಳು ಅಚ್ಚಾಗಿ ಕೂತಿರುತ್ತದೆ, ಬೆಳಕು ಎಲ್ಲಿಗೆ ಹೋದರೂ ಕದಲುವುದಿಲ್ಲ. ಫೋನಿನ ಕ್ಯಾಮೆರಾ ಝೂಮ್ ಮಾಡಿ ನೋಡಿದರೆ ಶಾಯಿಯ ಸೂಕ್ಷ್ಮ ಚುಕ್ಕೆಗಳೂ ಸಿಗಬಹುದು. ಈ ಪರೀಕ್ಷೆ ಗೊತ್ತಿರುವವರು ಪ್ರಿಂಟಿನ ಮೇಲೆ ಬಣ್ಣವಿಲ್ಲದ ಪಾರದರ್ಶಕ ಜೆಲ್ ಬಳಿದು ಉಬ್ಬು ಬರಿಸುತ್ತಾರೆ. ಆಗ ನೆರಳು ಸರಿಯುತ್ತದೆ, ನಿಜ. ಆದರೆ ಅವಸರದಲ್ಲಿ ಬಳಿದ ಜೆಲ್ಲಿನ ಗೆರೆಗೆ ಕೆಳಗಿನ ಚಿತ್ರದ ಹಂಗಿಲ್ಲ. ಕೆನ್ನೆಯಿಂದ ಶುರುವಾಗಿ, ಕಿವಿ ದಾಟಿ, ಹಿಂದಿನ ಗೋಡೆಯವರೆಗೂ ಒಂದೇ ಎಳೆತದಲ್ಲಿ ಹೋಗಿರುತ್ತದೆ. ಅಂಥ ಗೆರೆಗಳು ಸಿಕ್ಕರೆ ಪ್ರಿಂಟಿನ ಬೆಲೆ ಕೇಳಿ.